ಟಾಕೀಸಿನ ಬಾಗಿಲಲ್ಲಿ ತೂಗಿದ ಗೊಂಬೆ

"ತಮ್ಮಾ, ಇಳೀಬ್ಯಾಡ. ಅದರ ಕಡೆ ನೋಡಲೂ ಬ್ಯಾಡ. ಮುಖಾ ಮುಂದ ಮಾಡಿ ಸುಮ್ನ ಕುಂಡರು."

ಹೀಗೆಂದು ಯಾಕೂಬಸಾಬ ಟಾಂಗಾವನ್ನು ರಸ್ತೆಯ ಅಂಚಿಗೆ ಎಳೆದುಕೊಂಡ. ಕುದುರೆಗೂ ಅದೇ ಬೇಕಾಗಿತ್ತು. ಮೂಗು ಅರಳಿಸಿ, ಕಿವಿ ಹಿಂದಕ್ಕೆ ಒತ್ತಿ, ಜಾಲಿಮುಳ್ಳು ಮೈಗೆ ತರಚುವಷ್ಟು ಸರಿದು ನಡೆಯಿತು. ಇಳಕಲ್ಲಿನ ಸೀಮೆಗಲ್ಲಿಗೆ ಇನ್ನೂ ಒಂದು ಕೂಗಳತೆ ಇರುವಾಗ, ಹುನಗುಂದದ ರಸ್ತೆಯಿಂದ ಬಂಡಿದಾರಿಯೊಂದು ಒಡೆದು ಹೋಗುತ್ತದೆ. ಆ ಮೂರು ದಾರಿ ಕೂಡಿದಲ್ಲಿ ಒಂದು ಹಳೆಯ ಬಿದಿರಿನ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಕುಂಕುಮ ಕಲಸಿದ ಅನ್ನ, ಇದ್ದಿಲು, ಸೀಳಿದ ಲಿಂಬೆಹಣ್ಣು. ಅವುಗಳ ಮೇಲೆ ಗೇಣುದ್ದದ ಒಂದು ಕರಿ ಅರಿವೆಯ ಗೊಂಬೆ. ಗೊಂಬೆಯ ಬಾಯಿಯನ್ನು ಕೆಂಪು ರೇಷ್ಮೆಯ ಎಳೆಯಿಂದ ಬಿಗಿಯಾಗಿ ಹೊಲಿದಿದ್ದರು.

"ಟಾಂಗಾ ನಿಲ್ಲಸ್ರಿ ಸಾಬ್ರ," ಎಂದ ಚಂದಪ್ಪ.

ಈ ಚಂದಪ್ಪ ಬಾಗಲಕೋಟೆಯವನು. ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಇಳಕಲ್ಲಿಗೆ ಬಂದು ಹನ್ನೆರಡು ದಿನವಾಗಿತ್ತು. ಟಾಕೀಸಿನಲ್ಲಿ ಪ್ರಚಾರದ ಕೆಲಸ. ಬೆಳಗ್ಗೆ ಟಾಂಗಾಕ್ಕೆ ಮೈಕು ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಕೂಗುತ್ತ ಹ್ಯಾಂಡ್‌ಬಿಲ್ ತೂರುವುದು, ಆಮೇಲೆ ಟಾಕೀಸಿನ ಬಾಗಿಲಿಗೆ ಸಿಂಗಾರ ಮಾಡುವುದು. ದನಿಯೇ ಅವನ ಅನ್ನ. ಗಂಟಲಿನಿಂದ ಹುಲಿಯನ್ನೂ ಹೊರಡಿಸುತ್ತಿದ್ದ, ಅಳುವ ವಿಧವೆಯನ್ನೂ ಹೊರಡಿಸುತ್ತಿದ್ದ. ಇನ್ನು ದೆವ್ವದ ಸಿನಿಮಾ ಎಂದರೆ ಎಂಜಲು ಕೈಯಲ್ಲೇ ಎದ್ದು ಓಡುವ ಆಸಾಮಿ. ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಈ ಕಡೆ ಬಂದ ಅಂಥ ಒಂದನ್ನೂ ಬಿಟ್ಟಿರಲಿಲ್ಲ. ನೋಡಿದ್ದು ಹೆಚ್ಚಾದಂತೆ ಬೈಗುಳವೂ ಹೆಚ್ಚಾಗಿತ್ತು.

"ಈಗಿನವು ಏನ್ ದೆವ್ವ ಅದಾವ್ರಿ ಸಾಬ್ರ? ಹೋದ ತಿಂಗಳ ಬಂದ ಸಿನಿಮಾದಾಗ ದೆವ್ವದ ಕೈಮ್ಯಾಲ ವಾಚ್ ಕಟ್ಟಿದ ಗುರ್ತು ಬೆಳ್ಳಗ ಕಾಣತಿತ್ತು! ಅದರ ಹಿಂದಿನದರಾಗ ಬಾಗಲಾ ಕಿರ್ ಅಂದ ಕೂಡ್ಲೇ ಬೆಕ್ಕು ಹಾರತಿತ್ತು, ಬೆಕ್ಕು ಹಾರಿದ ಮ್ಯಾಲ ದೆವ್ವ ಬರತಿತ್ತು. ಸಣ್ಣ ಹುಡುಗ್ರು ಮೊದಲ ಕೂಗಿ ಹೇಳತಿದ್ರು, ಈಗ ಬೆಕ್ಕು, ಈಗ ದೆವ್ವ ಅಂತ. ಅಂಜಿಕಿ ಪಡದೆದ ಮ್ಯಾಲ ಎಲ್ಲಿ ಇರತೈತ್ರಿ? ಮಂದಿ ಮನಿಯೊಳಗ ಇರತೈತಿ. ಅದನ್ನ ತಂದು ಬಾಗಲಿಗೆ ಹಚ್ಚಬೇಕು."

ಅಂದು ಹೊಸ ಸಿನಿಮಾ ಶುರು. ಅದರಲ್ಲಿಯೂ ಒಂದು ಗೊಂಬೆಯ ಮಾಟವಿತ್ತು. ಚಂದಪ್ಪ ಟಾಂಗಾದಿಂದ ಜಿಗಿದ.

ಯಾಕೂಬಸಾಬನ ಮುಖ ಬಿಳುಚಿತು. "ತಮ್ಮಾ, ಯಾರದೋ ಪೀಡಾ ಇಳಿಸಿ ಸೀಮಿ ದಾಟಿಸಿ ಇಟ್ಟಾರ. ಹೊಳ್ಳಿ ಊರಾಗ ತಂದರ ಅದು ತನ್ನ ಮನಿ ಹುಡುಕ್ಕೊಂಡು ಹೋಗತೈತಿ."

"ಹೋಗಲಿ ಬಿಡ್ರಿ, ಪುಕ್ಕಟ ಟಾಂಗಾದಾಗ ಹೋಗತೈತಿ."

"ನನ್ನ ಟಾಂಗಾದಾಗ ಬ್ಯಾಡ," ಎಂದವನೇ ಮುದುಕ ಲಗಾಮು ಜಗ್ಗಿದ. ಮೈಕು, ಬ್ಯಾಟರಿ, ಹ್ಯಾಂಡ್‌ಬಿಲ್ಲಿನ ಗಂಟು ಎಲ್ಲವನ್ನೂ ಹೊತ್ತುಕೊಂಡು ಟಾಂಗಾ ಹೋಯಿತು. ಚಂದಪ್ಪ ನಕ್ಕು, ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದ. ಬುಟ್ಟಿಯಿಂದ ಇದ್ದಿಲಿನ ಘಾಟು ಬರುತ್ತಿತ್ತು. ಅದರ ಅಡಿಯಲ್ಲಿ ಹೆಣ್ಣುಮಕ್ಕಳ ತಲೆಗೂದಲಿನ ಕೊಬ್ಬರಿ ಎಣ್ಣೆಯ ವಾಸನೆ.

ಅವನ ಮನಸ್ಸು ಆ ದಿನ ಹಗುರವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಅವನು ಉಣ್ಣುತ್ತಿದ್ದದ್ದು ಗುರುಸಿದ್ದವ್ವನ ಖಾನಾವಳಿಯಲ್ಲಿ. ಗಂಡ ಸತ್ತ ಮೇಲೆ ನೇಕಾರರಿಗೆ ರೊಟ್ಟಿ ಬಡಿದು ಹಾಕಿ ಮಗಳನ್ನು ಬೆಳೆಸಿದ ಹೆಂಗಸು. ಮಗಳು ಕಾಶವ್ವನಿಗೆ ಹದಿನೇಳು. ವಚನ ಹಾಡಿದರೆ ಓಣಿಯ ಮಗ್ಗಗಳೇ ನಿಲ್ಲುತ್ತಿದ್ದವಂತೆ. ಅಮೀನಗಡದ ಕಡೆ ಸಂಬಂಧ ಗಟ್ಟಿಯಾದ ವಾರದಲ್ಲೇ ಅವಳ ಬಾಯಿ ಕಟ್ಟಿತು. ಮೂರು ತಿಂಗಳಿಂದ ಒಂದು ಮಾತಿಲ್ಲ. ಹೆಣ್ಣು ಕೇಳಿ ಸಿಗದವರು ಮಾಟ ಮಾಡಿಸಿದರೆಂದು ಓಣಿ ಆಡಿಕೊಂಡಿತು. ಬಸವ ಜಯಂತಿಗೆ ಬಂದು ನೋಡುತ್ತೇವೆ, ಅಷ್ಟರಲ್ಲಿ ಮಾತು ಬಾರದಿದ್ದರೆ ಮದುವೆ ಇಲ್ಲವೆಂದು ಬೀಗರು ಹೇಳಿ ಕಳಿಸಿದ್ದರು. ಬಸವ ಜಯಂತಿಗೆ ಉಳಿದದ್ದು ಮೂರೇ ದಿನ. ಆ ಹುಡುಗಿ ಅಂದು ಬೆಳಗ್ಗೆ ಚಂದಪ್ಪನ ತಾಟಿನ ಮುಂದೆ ಬಂದು ನಿಂತು, "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಅಣ್ಣಾರ?" ಎಂದಿದ್ದಳು.

ತುಸು ಒಡಕು ದನಿ. ಆದರೂ ಎಂಥ ದನಿ! ಉಣ್ಣುತ್ತಿದ್ದವರೆಲ್ಲ ತುತ್ತು ಬಿಟ್ಟು ನೋಡಿದರು. ಒಲೆಯ ಮುಂದೆ ಗುರುಸಿದ್ದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೇಗೆ ಬಂತು ಎಂದು ಯಾರೂ ಹೇಳಲಿಲ್ಲ. ಅಂಥದ್ದನ್ನು ಹೇಳಬಾರದು. ಚಂದಪ್ಪ ಕೇಳಲೂ ಇಲ್ಲ.

ಹನ್ನೆರಡು ಗಂಟೆಗೆಲ್ಲ ಗೊಂಬೆ ಟಾಕೀಸಿನ ಬಾಗಿಲಲ್ಲಿ ತೂಗುತ್ತಿತ್ತು. ಅದರ ಕೆಳಗೆ ಬುಟ್ಟಿ, ಬುಟ್ಟಿಯ ಮುಂದೆ ಊದಿನಕಡ್ಡಿ. ಜನ ನೊಣದಂತೆ ಮುತ್ತಿದರು. ಪರದೆಯ ದೆವ್ವಕ್ಕೆ ಸೀಟಿ ಹೊಡೆಯುವ ಗಂಡಸರು ಇದರ ಮುಂದೆ ಕಾಲಿನ ಚಪ್ಪಲಿ ಕಳಚಿ, ಗೋಡೆಗೆ ಮೈ ಒತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನದ ಆಟ ಕಿಕ್ಕಿರಿದು ತುಂಬಿತು. ಚಂದಪ್ಪ ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡು ಊಟಕ್ಕೆ ಹೊರಟ.

ಖಾನಾವಳಿಯಲ್ಲಿ ಒಲೆ ಆರಿತ್ತು.

ಕಾಶವ್ವ ಗೋಡೆಗೆ ಒರಗಿ ಕುಳಿತಿದ್ದಳು. ತುಟಿಗಳು ಬಿಳಿಯ ಗೆರೆಯಾಗುವಷ್ಟು ಬಿಗಿದಿದ್ದವು. ಗಂಟಲಿನ ನರ ಉಬ್ಬಿ, ಒಳಗಿನಿಂದ ಏನನ್ನೋ ನೂಕುತ್ತಿದ್ದಳು. ಹೊರಗೆ ಬರುತ್ತಿರಲಿಲ್ಲ. ಅವಳ ಮುಂದೆ ಹೆಗಲಿಗೆ ಕಂಬಳಿ ಹೊದ್ದ ಮಾಳಪ್ಪ, ಬೀರಪ್ಪನ ಪೂಜಾರಿ, ಕೈ ಕಟ್ಟಿ ಕುಳಿತಿದ್ದ.

"ಹೊತ್ತು ಹುಟ್ಟೂದರಾಗ ಸೀಮಿ ದಾಟಿಸಿ ಬಂದೇನಿ," ಎಂದ ಮಾಳಪ್ಪ. "ಯಾರೋ ಹೊಳ್ಳಿ ತಂದಾರ, ಗುರುಸಿದ್ದವ್ವ. ಊರಾಗ ತಂದಾರ."

"ಯಾವ ಪಾಪಿ ತಂದಾನೋ ನಮ್ಮಪ್ಪಾ! ಯಾರಿಗೆ ಏನ್ ಕೆಟ್ಟದ್ದು ಮಾಡಿದ್ದೆ ನಾ?" ಎಂದು ಎದೆ ಬಡಿದುಕೊಂಡಳು ಗುರುಸಿದ್ದವ್ವ. ಆಮೇಲೆ ಬಾಗಿಲಲ್ಲಿ ನಿಂತವನನ್ನು ಕಂಡು ಕಣ್ಣೊರೆಸಿಕೊಂಡಳು. "ಬಾ ಚಂದಪ್ಪ, ಕೂಡು. ಮುಂಜಾನೆ ಹುಡುಗಿ ಮಾತಾಡಿತಂತ ಮಾದ್ಲಿ ಮಾಡಿದ್ದೆ. ಉಂಡು ಹೋಗು. ನೀ ಹಸದ್ರ ಆಕಿಗೆ ಮಾತು ಬರತೈತೇನು?"

ಅವನು ಕುಳಿತ. ಹೇಳಬೇಕಿತ್ತು. ಆ ಕ್ಷಣವೇ ಅವಳ ಕಾಲ ಮೇಲೆ ಬಿದ್ದು ಹೇಳಬೇಕಿತ್ತು. ಹೇಳಲಿಲ್ಲ. ಬೆಲ್ಲ, ತುಪ್ಪ, ಏಲಕ್ಕಿಯ ಮಾದ್ಲಿಯನ್ನು ತುತ್ತು ಮಾಡಿ ನುಂಗಿದ. ಎದುರಿಗೆ ಕಾಶವ್ವ ಅವನನ್ನೇ ನೋಡುತ್ತಿದ್ದಳು. ಅವಳ ಜಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಮಾಳಪ್ಪನನ್ನು ಕರೆದ. ಅವನ ಮುಂದೆ ಎಲ್ಲವನ್ನೂ ಹೇಳಿದ.

"ತಂದಾಂವನೇ ಒಯ್ಯಬೇಕು," ಎಂದ ಮಾಳಪ್ಪ. "ಹೊತ್ತು ಮುಳುಗೂದರಾಗ ಅದ ಜಾಗಾದಾಗ ಇಡು. ದಾರ್ಯಾಗ ಮಾತಾಡಬ್ಯಾಡ. ಹೊಳ್ಳಿ ನೋಡಬ್ಯಾಡ. ಯಾರ್ ಕರದರೂ ಓ ಅನಬ್ಯಾಡ. ಅದು ಬಾಯಿ ಇಲ್ಲದ್ದು, ತಮ್ಮಾ. ಬಾಯಿ ಹುಡುಕತಿರತೈತಿ."

"ಗುರುಸಿದ್ದವ್ವ ಅಕ್ಕಾರಿಗೆ ಹೇಳಬ್ಯಾಡ್ರಿ," ಎಂದ ಚಂದಪ್ಪ.

ಮಾಳಪ್ಪ ಅವನನ್ನು ಮೇಲೆ ಕೆಳಗೆ ನೋಡಿ ಒಳಗೆ ಹೋದ.

ಚಂದಪ್ಪ ಟಾಕೀಸಿಗೆ ಓಡಿದ. ಬಾಗಿಲಲ್ಲಿ ಗೊಂಬೆ ಇರಲಿಲ್ಲ. ದೂಳು ಬಂತೆಂದು ಗೇಟಿನವನು ಎಲ್ಲವನ್ನೂ ಒಳಗಿನ ಓಣಿಯಲ್ಲಿ ಇಟ್ಟಿದ್ದನಂತೆ. ಪರದೆಗೂ ಗೋಡೆಗೂ ನಡುವಿನ ಇಕ್ಕಟ್ಟಿನ ಓಣಿ ಅದು. ಬಾಗಿಲಿನ ಕರಿ ಪರದೆ ಸರಿಸಿ ಕಾಲಿಟ್ಟರೆ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ಬೀಡಿಯ ಹೊಗೆ, ಬೆವರು, ಬಾವಲಿಯ ಹಿಕ್ಕೆ. ಪರದೆಯ ಆಚೆ ಸಿನಿಮಾದ ಹೆಂಗಸು ಚೀರಿದಳು, ಜನ ಸೀಟಿ ಹೊಡೆದರು. ಆ ಗದ್ದಲದ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದು. ಬಟ್ಟೆಯೊಳಗಿಂದ ನೂಲು ಎಳೆದಂತೆ. ಸರ್ರ್. ತಡೆದು, ಮತ್ತೆ ಸರ್ರ್.

ತಡಕಾಡಿದ. ಕೈಗೆ ಬುಟ್ಟಿ ಸಿಕ್ಕಿತು. ಬುಟ್ಟಿಯಲ್ಲಿ ಗೊಂಬೆಯೂ ಸಿಕ್ಕಿತು. ಅದು ಬೆಚ್ಚಗಿತ್ತು.

ಹೊರಗೆ ಅಮಾವಾಸ್ಯೆಯ ಇಳಿಹೊತ್ತಿನ ಬಿಸಿಲು ಇನ್ನೂ ಕುದಿಯುತ್ತಿತ್ತು. ಚಂದಪ್ಪ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಓಣಿ ಹಿಡಿದ. ಜನ ಕಂಡು ದಾರಿ ಬಿಟ್ಟರು. ಮಗ್ಗಗಳ ಸದ್ದು ಒಂದೊಂದಾಗಿ ಹಿಂದೆ ಉಳಿಯಿತು. ಕಡೆಯ ಮನೆಯೂ ಹಿಂದೆ ಉಳಿಯಿತು. ಸೀಮೆಗಲ್ಲು ದಾಟಿತು.

"ಏ ತಮ್ಮಾ, ಚಪ್ಪಲಿ ಬಿಟ್ಟು ಬಂದೀಯಲ್ಲೋ!" ಎಂದು ಹಿಂದಿನಿಂದ ಯಾಕೂಬಸಾಬನ ದನಿ. ಕಾಲು ನೋಡಿಕೊಂಡ. ಚಪ್ಪಲಿ ಇದ್ದವು. ನಡೆದ.

"ಚಂದೂ, ನೀರು ಕುಡಿದು ಹೋಗಪಾ," ಎಂದಿತು ಇನ್ನೊಂದು ದನಿ. ಅವನ ಸತ್ತ ತಾಯಿಯದು. ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ನಡೆದ.

ಬುಟ್ಟಿ ಭಾರವಾಯಿತು. ಕುತ್ತಿಗೆ ನೋಯಿತು. ಎಣ್ಣೆಯ ವಾಸನೆ ಮೂಗು ತುಂಬಿತು. ಇನ್ನು ಇಪ್ಪತ್ತು ಹೆಜ್ಜೆ. ಬಂಡಿದಾರಿ ಕಾಣಿಸಿತು. ಇನ್ನು ಹತ್ತು. ಹಿಂದೆ ಯಾರೋ ಓಡಿ ಬರುವ ಸಪ್ಪಳ. ಕಾಲ್ಗೆಜ್ಜೆ. ಏದುಸಿರು.

"ಅಣ್ಣಾರ! ನನಗ ಮಾತು ಬಂತ್ರೀ ಅಣ್ಣಾರ!"

ಕಾಶವ್ವನ ದನಿ. ಬೆಳಗಿನ ಅದೇ ಒಡಕು. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಬಿಸಾಕಿದಂತಾಯಿತು. ಬಂದಿದೆ! ಮದುವೆಯಾಗುತ್ತದೆ! ತಾನು ಮಾಡಿದ ಪಾಪ ತೊಳೆದುಹೋಯಿತು, ಇನ್ನು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಆ ಸಂತೋಷದಲ್ಲಿ ಚಂದಪ್ಪ ಎಲ್ಲವನ್ನೂ ಮರೆತ.

"ಬಂತೇನವ್ವಾ?" ಎಂದು ತಿರುಗಿದ.

ರಸ್ತೆ ಖಾಲಿ ಇತ್ತು. ಸೀಮೆಗಲ್ಲಿನವರೆಗೂ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ತಲೆಯ ಮೇಲಿನ ಬುಟ್ಟಿ ಒಮ್ಮೆಲೇ ಹಗುರವಾಯಿತು. ಇಳಿಸಿ ನೋಡಿದ. ಅನ್ನವಿತ್ತು. ಇದ್ದಿಲು ಇತ್ತು. ಗೊಂಬೆಯೂ ಇತ್ತು. ಬಾಯಿಯ ಹೊಲಿಗೆ ಬಿಚ್ಚಿತ್ತು. ಕೆಂಪು ಎಳೆ ಒಂದಿಂಚೂ ಉಳಿದಿರಲಿಲ್ಲ. ಚಂದಪ್ಪನ ಗಂಟಲಲ್ಲಿ ನೂಲಿನಂಥದ್ದೇನೋ ಸರ್ರನೆ ಇಳಿಯಿತು. ಕೆಮ್ಮಿದ. ಉಗುಳಿದ. ಏನೂ ಬರಲಿಲ್ಲ.

ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಿದ್ದು ಓಡಿದ.

ಖಾನಾವಳಿಯ ಕಡೆ ಹೋಗಲು ಧೈರ್ಯ ಸಾಲಲಿಲ್ಲ. ಎಲ್ಲ ಸರಿಯಾಗಿರಬಹುದು, ನಾಳೆ ಬೆಳಗ್ಗೆ ಹೋಗಿ ನೋಡಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಂಜೆಯ ಆಟಕ್ಕೆ ಜನ ಕೂಡಿದ್ದರು. ಮೈಕು ಕೈಗೆ ತೆಗೆದುಕೊಂಡ. ಎಂದಿನಂತೆ ಎದೆ ತುಂಬ ಉಸಿರು ಎಳೆದು ಬಾಯಿ ತೆರೆದ.

ಲೌಡ್‌ಸ್ಪೀಕರಿನಿಂದ ಹುಡುಗಿಯೊಬ್ಬಳ ದನಿ ಓಣಿಗಳ ಮೇಲೆ ಹಾರಿತು. ತುಸು ಒಡಕು, ಇಂಪಾದ ದನಿ.

ಜನ ಮೊದಲು ಹೋ ಎಂದು ನಕ್ಕರು. ಚಂದಪ್ಪನ ಹೊಸ ಮಿಮಿಕ್ರಿ ಎಂದುಕೊಂಡರು. ಅವನು ಮತ್ತೆ ಬಾಯಿ ತೆರೆದ. ಅದೇ ದನಿ. ಮೈಕು ಬಿಸಾಕಿ ಚೀರಿದ. ಚೀರಿದ್ದೂ ಅವಳೇ. ಆಗ ನಗೆ ನಿಂತಿತು. ಅಷ್ಟರಲ್ಲಿ ಜನರನ್ನು ಸೀಳಿಕೊಂಡು, ಹಿಟ್ಟಿನ ಕೈಯಲ್ಲೇ ಗುರುಸಿದ್ದವ್ವ ಓಡಿ ಬಂದಳು.

"ಕಾಶೀ! ಎಲ್ಲಿದೀ ನನ್ನವ್ವಾ? ಮಾತು ಬಂತೇನು? ಎಲ್ಲಿದೀ?"

ಎಲ್ಲರೂ ಚಂದಪ್ಪನ ಕಡೆ ನೋಡಿದರು. ಅವನು ನೆಲದ ಮೇಲೆ ಕುಸಿದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಹೇಳದೆ ಉಳಿದಿದ್ದನ್ನು ಅಂದು ಹೇಳಿದ. ಅವಳ ಮಗಳ ದನಿಯಲ್ಲೇ ಹೇಳಬೇಕಾಯಿತು.

ಬಸವ ಜಯಂತಿಗೆ ಬೀಗರು ಬಂದರು. ಹೆಣ್ಣಿನ ಬಾಯಿಂದ ಮಾತು ಬರಲಿಲ್ಲ. ನೀರು ಕೂಡ ಕುಡಿಯದೆ ಎದ್ದು ಹೋದರು. ಮಾಳಪ್ಪ ಮೂರು ಅಮಾವಾಸ್ಯೆ ಪ್ರಯತ್ನಪಟ್ಟು ಕೈ ಚೆಲ್ಲಿದ. ಟಾಕೀಸಿನವರು ಬೇರೆಯವನನ್ನು ಇಟ್ಟುಕೊಂಡರು. ಊರು ಬಿಟ್ಟು ಹೋಗಬಹುದಿತ್ತು ಚಂದಪ್ಪ. ಬಸ್ ಸ್ಟ್ಯಾಂಡಿನವರೆಗೆ ಎರಡು ಸಲ ಹೋದ. ಅವಳ ದನಿಯನ್ನು ಎತ್ತಿಕೊಂಡು ಬಸ್ಸು ಹತ್ತಲು ಕಾಲು ಬರಲಿಲ್ಲ. ಖಾನಾವಳಿಗೆ ಕಟ್ಟಿಗೆ ಒಡೆದು, ನೀರು ಹೊತ್ತು, ಮೂಕನಂತೆ ಅಲ್ಲೇ ಬಿದ್ದುಕೊಂಡ. ಗುರುಸಿದ್ದವ್ವ ಒಮ್ಮೆ ಬಾಯಿ ತುಂಬ ಬೈದಿದ್ದರೆ, ಕಾಲಲ್ಲಿರುವುದನ್ನು ಕೈಗೆ ತೆಗೆದುಕೊಂಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಒಂದು ದಿನ ಎಲ್ಲರೂ ಉಂಡು ಎದ್ದ ಮೇಲೆ ಗುರುಸಿದ್ದವ್ವ ಅವನ ಮುಂದೆ ಬಂದು ಕುಳಿತಳು. ಹಿಂದೆ ಕಾಶವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

"ಚಂದಪ್ಪ," ಎಂದಳು, ಸೆರಗಿನ ಚುಂಗನ್ನು ಹಿಂಡುತ್ತ. "ಒಂದ್ ಸಲ ಅವ್ವಾ ಅನ್ನಪಾ. ಭಾಳ ದಿನಾ ಆತು ಕೇಳಿ."

ಚಂದಪ್ಪನಿಗೆ ತಲೆ ಎತ್ತಲಾಗಲಿಲ್ಲ.

"ಅವ್ವಾ," ಎಂದ.

"ಏನವ್ವಾ?" ಎಂದು ಗುರುಸಿದ್ದವ್ವ ಬಾಗಿಲ ಕಡೆ ತಿರುಗಿ ಮಗಳಿಗೆ ಓಗೊಟ್ಟಳು.