ತೂಕ ನೋಡುವ ಹಿಂದಿನ ದಿನ

ಜೋಳದ ನುಚ್ಚು ತಳ ಹಿಡಿಯುವಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸುಟ್ಟದ್ದಲ್ಲ, ಬರೀ ಬೆಂದದ್ದೂ ಅಲ್ಲ. ನಾಗಲಗಿದ್ದದ ಮನೆಯಲ್ಲಿ ವೀರಭದ್ರರ ಅವ್ವ ಆ ತಳವನ್ನು ಕೆರೆದು, ಮಜ್ಜಿಗೆ ಸುರಿದು, ಶಾಲೆಗೆ ಹೊರಟ ಮಗನ ಮುಂದಿಡುತ್ತಿದ್ದಳು. ನವೆಂಬರ್ ಹದಿಮೂರರ ಬೆಳಿಗ್ಗೆ ಚಿಂಚಾಪುರದ ಹೆಡ್‌ಮಾಸ್ಟರ್ ಆತ್ಮಾರಾಮ ಠಾಣೆಗೆ ಬಂದಾಗ ಅವರ ಅಂಗಿಯಿಂದ ಅದೇ ವಾಸನೆ ಬಂತು. ಇನ್ಸ್‌ಪೆಕ್ಟರ್ ವೀರಭದ್ರ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಒಲಿ ಮುಂದಿಂದ ಹಂಗೇ ಎದ್ದು ಬಂದೀರೇನ್ರಿ ಮಾಸ್ತರ?"

"ಹೌದ್ರಿ ಸರ್. ಶಾಲ್ಯಾಗ ಕಳವು ಆಗ್ಯದ."

"ಏನು ಹೋಗ್ಯದ?"

"ತೂಕದ ಮಷೀನ್ ರಿ. ಹುಡುಗರನ್ನ ನಿಲ್ಲಿಸಿ ನೋಡೋದು."

ಕಾನ್‌ಸ್ಟೇಬಲ್ ನರೇಶನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಿ, ಎಣ್ಣಿ ಬಿಟ್ಟು ಅದನ್ನ ಒಯ್ದಾನಂದ್ರ ಕಳ್ಳಗ ಹೊಟ್ಟಿ ಬಂದದ ಅಂತ ಕಾಣಸ್ತದ ಸರ್."

ಆತ್ಮಾರಾಮ ನಗಲಿಲ್ಲ. "ನಾಳಿಗೇ ತೂಕ ನೋಡೋದು ಅದ ರಿ," ಎಂದರು. ನರೇಶ ನಗು ನಿಲ್ಲಿಸಿದ. ಹೋಗಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟ.

ಸರ್ಕಾರದ ಮಧ್ಯಾಹ್ನದ ಊಟ ಎಲ್ಲ ಶಾಲೆಗಳಲ್ಲೂ ಇದೆ. ಚಿಂಚಾಪುರದಲ್ಲಿ ಜೂನ್‌ನಿಂದ ಅದರ ಜೊತೆಗೆ ಬೆಳಗಿನ ನಾಷ್ಟಾವೂ ಇತ್ತು. ಜೋಳದ ನುಚ್ಚು, ಶೇಂಗಾ, ಬೆಲ್ಲ. ಕೊಡುತ್ತಿದ್ದುದು ಜಹೀರಾಬಾದಿನ ಒಂದು ಸಣ್ಣ ಟ್ರಸ್ಟು. ಮಕ್ಕಳ ತೂಕವನ್ನು ಶುರುವಿನಲ್ಲಿ ನೋಡಿದ್ದರು, ದಸರೆಯ ಮುಂದೆ ಒಮ್ಮೆ ನೋಡಿದ್ದರು. ಕೊನೆಯ ಸಲ ನೋಡಬೇಕಾದದ್ದು ಮರುದಿನ. ಖರ್ಚಿಗೆ ತಕ್ಕ ಲಾಭ ಮಕ್ಕಳ ಮೈಯಲ್ಲಿ ಕಂಡರೆ ನಾಷ್ಟಾ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ ಎಂದು ಟ್ರಸ್ಟಿನ ಸಮಿತಿ ಹೇಳಿತ್ತು.

ಗಡಿಯಾಚೆಯ ತೆಲಂಗಾಣದ ಠಾಣೆ ಅದು, ದೂರು ತೆಲುಗಿನಲ್ಲಿತ್ತು. ಎಫ್‌ಐಆರ್ ದಾಖಲಾಯಿತು. ವೀರಭದ್ರ, ನರೇಶ ಮತ್ತು ಮಹಿಳಾ ಕಾನ್‌ಸ್ಟೇಬಲ್ ಮನೀಷಾ ಹತ್ತು ಗಂಟೆಗೆ ಊರು ತಲುಪಿದರು.

ಇಬ್ಬರು ಪಂಚರ ಎದುರಿಗೆ ಶಾಲೆಯ ಉಗ್ರಾಣದ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಅಕ್ಕಿ, ಬೇಳೆ, ಎಣ್ಣೆಯ ಡಬ್ಬ, ಶೇಂಗಾ ಚೀಲ ಎಲ್ಲ ಇದ್ದಲ್ಲಿಯೇ ಇದ್ದವು. ಗೋಡೆಯ ಪಕ್ಕದ ಧೂಳಿನಲ್ಲಿ ಒಂದು ಚೌಕ ಮಾತ್ರ ಸ್ವಚ್ಛವಾಗಿ ಉಳಿದಿತ್ತು.

"ಕೀಲಿಕೈ ಯಾರ ಹತ್ರ ಇರ್ತದ?" ವೀರಭದ್ರ ಕೇಳಿದರು.

"ನನ್ನ ಹತ್ರ ರಿ," ಅಡುಗೆಯ ಕೌಶಲ್ಯಾ ಸೆರಗು ಬಿಗಿದು ಮುಂದೆ ಬಂದಳು. "ಮನ್ಯಾಗ ಮಸರಿನ ಗಡಿಗಿ ಮ್ಯಾಲ ಮೊಳಿಗೆ ತೂಗು ಹಾಕ್ತೀನಿ. ಮುಂಜಾನಿ ಅಲ್ಲೇ ಇತ್ತು."

"ನಾಷ್ಟಾ ನಿಂತ್ರ ನಿನ್ನ ಕೆಲಸಾನೂ ಅರ್ಧ ಹೋಗ್ತದಲ್ಲ?" ನರೇಶ ಕೇಳಿದ.

"ಹೋಗ್ತದಪ್ಪ. ಅದಕ ಮಷೀನ್ ಕದ್ದು ಸಾರಿಗೆ ಹಾಕಲೇನು? ಹುಡುಗರು ಬರೋಬ್ಬರಿ ತಿಂತಾವ. ತೂಕ ನೋಡಿದ್ರ ನನಗೇ ಛಲೋ."

ವೀರಭದ್ರರಿಗೆ ಅವಳ ಮಾತು ಸುಳ್ಳೆನಿಸಲಿಲ್ಲ. ಮಷೀನು ಕದ್ದವರಿಗೆ ಬೇಕಾದದ್ದು ಮಷೀನಲ್ಲ. ನಾಳೆ ತೂಕ ಆಗಬಾರದು, ಅಷ್ಟೇ.

"ನಿನ್ನೆ ಸಂಜಿಗೆ ನಿಮ್ಮ ಮನಿಗೆ ಯಾರ್ಯಾರು ಬಂದಿದ್ರು?"

"ಹೆಪ್ಪಿಗೆ ದಿನಾ ಬರ್ತಾರ್ರಿ, ಹಾಲಿಗೆ ಹಾಕಾಕ. ನನ್ನ ಹೆಪ್ಪು ಊರಾಗ ಹೆಸರುವಾಸಿ. ನಿನ್ನೆ ಕಿಷ್ಟಪ್ಪನ ಹೆಂಡ್ತಿ ಬಂದಿದ್ಲು, ಗೌಡ್ರ ಸೊಸಿ, ಸುಗಲಾಬಾಯಿ, ಮ್ಯಾಲಿನ ಓಣಿ ಮಹಾನಂದಾ. ಬಂದಾಕಿ ತಾನೇ ಒಳಗ ಹೋಗಿ ಗಡಿಗ್ಯಾಗಿಂದ ಸಣ್ಣ ವಾಟಗಾದಾಗ ಹಾಕ್ಕೊಂತಾಳ. ಮುಂಜಾನಿ ವಾಟಗಾ ತಿರುಗಿ ತಂದಿಡ್ತಾಳ."

ಅಂದರೆ ನಾಲ್ವರೂ ಎರಡೆರಡು ಸಲ ಆ ಮೊಳೆಯ ಕೆಳಗೆ ನಿಂತಿದ್ದರು. ಸಂಜೆ ಕೀಲಿಕೈ ತೆಗೆಯಲು, ಬೆಳಿಗ್ಗೆ ತಿರುಗಿ ಇಡಲು ಅಷ್ಟು ಸಾಕಿತ್ತು. ಮನೀಷಾ ಆ ಮನೆಗಳಿಗೆ ವಿಚಾರಣೆಗೆ ಹೊರಟಳು.

ಅಷ್ಟರಲ್ಲಿ ಟ್ರಸ್ಟಿನ ದೇವಿಕಾ ಸ್ಕೂಟಿಯಲ್ಲಿ ಬಂದಳು. ಇಪ್ಪತ್ತೈದರ ಹುಡುಗಿ. ಶಾಲೆಯ ಕಟ್ಟೆಯ ಮೇಲೆ ಕೂರಿಸಿ ವೀರಭದ್ರ ಪ್ರಶ್ನೆ ಕೇಳಿದರು.

"ಹಿಂದಿನ ಸಲ ತೂಕದಾಗ ಏನು ಕಂಡಿತ್ರಿ?"

"ಭಾಳ ಹುಡುಗರದು ಏರಿತ್ತು ಸರ್. ಕೆಲವರದು ಇಲ್ಲ. ಒಬ್ಬಾಕಿದಂತೂ ಇಳಿದಿತ್ತು."

"ಯಾರದು?"

"ನಾಲ್ಕನೇ ಕ್ಲಾಸಿನ ಶಿವಲೀಲಾಂದು."

"ಆಕಿಗೆ ಏನರ ಅಂದ್ರೇನು?"

"ಸಾಲಿನಾಗ ಎಲ್ಲರ ಮುಂದ ಅಂದೆ ಸರ್. ಹಿಂಗ ಇಳದ್ರ ಎಲ್ಲರ ನಾಷ್ಟಾ ಬಂದ್ ಆಗ್ತದ, ಬರೋಬ್ಬರಿ ತಿನ್ನು ಅಂತ. ಆಕಿಗೆ ಉಮೇದಿ ಬರಲಿ ಅಂತ ಅಂದಿದ್ದು."

"ಬಂತೇನು?"

ಅವಳು ಚೀಲದಿಂದ ತೂಕದ ಪಟ್ಟಿ ತೆಗೆದು ಆ ಹೆಸರಿನ ಮೇಲೆ ಬೆರಳಿಟ್ಟಳು.

ಮನೀಷಾ ತಿರುಗಿ ಬಂದಾಗ ಹನ್ನೆರಡಾಗಿತ್ತು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಸರ್, ಮಹಾನಂದಾನ ಮನ್ಯಾಗ ಕರಿ ಚಹಾ ಕೊಟ್ಟಳು. ಹಾಲಿಲ್ಲವ್ವ, ಬ್ಯಾಸರ ಮಾಡಕೊಬ್ಯಾಡ ಅಂತ ಎರಡು ಸಾರ್ತಿ ಅಂದಳು. ಎಮ್ಮಿ ಮಾರಿ ವರ್ಷಾತಂತ."

"ಮತ್ತ?"

"ಹಾಲೇ ಇಲ್ಲದಾಕಿ ಹೆಪ್ಪು ತೊಗೊಂಡು ಏನು ಮಾಡ್ತಾಳ ಸರ್?"

ನರೇಶ ಎದ್ದು ನಿಂತ. ವೀರಭದ್ರ ಹೆಡ್‌ಮಾಸ್ಟರರ ಕಡೆ ನೋಡಿದರು. "ಮಹಾನಂದಾ ಶಿವಲೀಲಾಂಗ ಏನಾಗಬೇಕ್ರಿ?"

"ತಾಯಿ ರಿ," ಎಂದರು ಆತ್ಮಾರಾಮ.

ಮಹಾನಂದಾಳ ಮನೆ ಒಂದೇ ಕೋಣೆಯದು, ಸಾರಿಸಿ ಗುಡಿಸಿದ್ದು. ಗಂಡ ತಾಂಡೂರಿನ ಕಲ್ಲಿನ ಗಣಿಗೆ ಹೋಗಿದ್ದ, ಹಬ್ಬಕ್ಕೊಮ್ಮೆ ಬರುತ್ತಿದ್ದ. ಎರಡು ಸಣ್ಣ ಮಕ್ಕಳು ಬಾಗಿಲಲ್ಲಿ ಆಡುತ್ತಿದ್ದವು. ಗುಂಡಗುಂಡಗಿನ ಕೈಕಾಲು. ಪೊಲೀಸರನ್ನು ಕಂಡು ಮಹಾನಂದಾ ಮೊದಲು ಮಕ್ಕಳನ್ನು ಬಿಸಿಲಿನಿಂದ ಒಳಗೆ ಕರೆದುಕೊಂಡಳು. ಆಮೇಲೆ, ಯಾರೂ ಕೇಳುವ ಮುಂಚೆಯೇ, ಮೂಲೆಯ ಕೌದಿಗಳ ಕಡೆಗೆ ಕೈ ತೋರಿಸಿದಳು.

ಮಷೀನು ಮೂರನೆಯ ಕೌದಿಯೊಳಗಿತ್ತು. ಗಾಜು ಒಡೆಯದಂತೆ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು. ನರೇಶ ಜಪ್ತಿ ಪಂಚನಾಮೆ ಬರೆದ. ಪಂಚರು ಸಹಿ ಹಾಕಿದರು.

"ಯಾಕ ಒಯ್ದಿ ತಾಯಿ?" ವೀರಭದ್ರ ಕೇಳಿದರು.

"ನಾಳಿಗೆ ತೂಕ ಆಗಬಾರದಾಗಿತ್ರಿ. ಆಮ್ಯಾಲ ತಿರುಗಿ ಇಡಾಕಿ ಇದ್ದೆ ಅಂತ ಸುಳ್ಳು ಹೇಳೂದಿಲ್ಲ. ಅಷ್ಟು ಮುಂದ ತಿಳೀಲಿಲ್ಲ ನನಗ."

"ಮಗಳ ತೂಕ ಇಳದದ ಅಂತ?"

"ಆಕಿ ಒಬ್ಬಾಕಿ ಸಲುವಾಗಿ ಊರ ಹುಡುಗರ ನಾಷ್ಟಾ ನಿಂತ್ರ ನಾ ಯಾವ ಓಣ್ಯಾಗ ಮಾರಿ ತೋರಸ್ಲಿ?"

"ರಾತ್ರಿ ಮನ್ಯಾಗ ಏನು ಉಣತಾಳ?"

ಮಹಾನಂದಾ ಸೀರೆಯ ಅಂಚನ್ನು ತಿರುವಿದಳು. "ಶಾಲ್ಯಾಗ ಎರಡು ಸಾರ್ತಿ ಉಂಡು ಬರ್ತಾಳಲ್ರಿ. ಆಕಿ ಹೊಟ್ಟಿ ತುಂಬ್ಯದ ಅಂತ, ಆಕಿ ಪಾಲಿನ ರೊಟ್ಟಿ ಈ ಸಣ್ಣವಕ್ಕ ಹಾಕ್ತಿದ್ದೆ. ಬರೇ ನಾ ಅಲ್ರಿ, ಈ ಓಣ್ಯಾಗ ಎಲ್ಲರೂ ಹಂಗೇ. ಶಾಲಿಗೆ ಹೋಗೂ ಕೂಸಿಗೆ ರಾತ್ರಿ ಯಾರೂ ರೊಟ್ಟಿ ಬಡಿಯೂದಿಲ್ಲ."

"ಆಕಿ ಬೇಡಲಿಲ್ಲೇನು?"

"ಒಂದಿನಾನೂ ಬೇಡಲಿಲ್ರಿ. ಬೇಡಿದ್ರ ಹಾಕ್ತಿದ್ನಲ್ರಿ." ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು.

ದೇವಿಕಾ ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಆ ಸಣ್ಣ ಮಕ್ಕಳ ಮೇಲಿತ್ತು. "ನಾಷ್ಟಾದ ಲಾಭ ಇಲ್ಲಿ ಕೂತದ ಸರ್," ಎಂದಳು. "ನಾವು ಇವರನ್ನ ಒಮ್ಮೆನೂ ತೂಗಿಲ್ಲ. ಮೊದಲು ಎಷ್ಟಿದ್ರು ಅಂತ ಗೊತ್ತಿಲ್ಲದೆ, ಈಗ ಏರ್ಯಾರ ಅಂತ ಸಮಿತಿ ಮುಂದ ಹ್ಯಾಂಗ ಹೇಳಲಿ?"

"ಕಂಡದ್ದು ಹೇಳ್ರಿ."

"ಕಂಡದ್ದನ್ನ ಅವರು ನಂಬೂದಿಲ್ಲ ಸರ್."

ಆತ್ಮಾರಾಮ ಇನ್ಸ್‌ಪೆಕ್ಟರರನ್ನು ಬೇವಿನ ಮರದ ಕೆಳಗೆ ಕರೆದೊಯ್ದರು. "ದೂರು ವಾಪಸ್ ತೊಗೊಂತೀನ್ರಿ ಸರ್. ಮಷೀನ್ ಸಿಕ್ಕಾತಲ್ಲ."

"ಎಫ್‌ಐಆರ್ ಆದಮ್ಯಾಲ ಅದು ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ರಿ ಮಾಸ್ತರ. ರಾಜಿ ಆಗೂದಿದ್ರ ಕೋರ್ಟಿನಾಗ ಹೇಳ್ರಿ, ನಾ ಅಡ್ಡ ಬರೂದಿಲ್ಲ." ವೀರಭದ್ರ ಸೀರೆಯಲ್ಲಿ ಸುತ್ತಿದ್ದ ಗಂಟಿನ ಕಡೆ ನೋಡಿದರು. "ಮಷೀನೂ ಈಗ ಕೊಡಾಕ ಬರೂದಿಲ್ಲ. ಕೇಸಿನ ಮಾಲು ಅದು."

ಮಹಾನಂದಾ ಬೇಡವೆಂದುಕೊಂಡ ತೂಕವನ್ನು ಈಗ ಪೊಲೀಸರೇ ತಡೆದಂತಾಗಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಹೊಳೆಯಿತು. ಜಹೀರಾಬಾದಿನಿಂದ ಬೇರೆ ಮಷೀನು ತರುತ್ತೇನೆ, ಈ ಸಲ ಮನೆಯ ಸಣ್ಣವರನ್ನೂ ನಿಲ್ಲಿಸುತ್ತೇನೆ ಎಂದು ದೇವಿಕಾ ಸ್ಕೂಟಿ ಹತ್ತಿದಳು. ಸಮಿತಿ ಏನು ಮಾಡುತ್ತದೋ ಅವಳಿಗೆ ಗೊತ್ತಿರಲಿಲ್ಲ.

ಮೂರು ಗಂಟೆಗೆ ಮಹಾನಂದಾಳನ್ನು ಬಂಧಿಸಲಾಯಿತು. ಬಂಧನದ ಕಾಗದವನ್ನು ಮನೀಷಾ ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದಳು. ಜೀಪು ಹತ್ತುವಾಗ ಮೆಟ್ಟಿಲು ಎತ್ತರವಾಯಿತೆಂದು ನರೇಶ ಒಂದು ಕಲ್ಲು ತಂದಿಟ್ಟ. ಠಾಣೆಯಲ್ಲಿ ಆಡಿದ ಆ ಒಂದು ತಮಾಷೆಯ ನಂತರ ಅವನು ಇನ್ನೊಂದನ್ನು ಆಡಿರಲಿಲ್ಲ.

ಪ್ರಕರಣದ ದಿನಚರಿಯಲ್ಲಿ ಕಾರಣ ಬರೆಯುವ ಕಡೆ ವೀರಭದ್ರ ಬಹಳ ಹೊತ್ತು ಕುಳಿತರು. ಆರೋಪಿಗೆ ವಸ್ತುವಿನ ಆಸೆ ಇರಲಿಲ್ಲ, ಇದ್ದದ್ದು ನಾಚಿಕೆ ಮತ್ತು ಭಯ ಎಂದು ಬರೆದರು. ಒಬ್ಬಳ ಪಾಲನ್ನು ಇನ್ನಿಬ್ಬರಿಗೆ ಹಂಚಿದ ತಾಯಿ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

"ಹೋಗಿ ಹುಡುಗರನ್ನ ನೋಡಿ ಬಾರವ್ವ," ಎಂದು ಮನೀಷಾಳನ್ನು ಮತ್ತೆ ಊರಿಗೆ ಕಳಿಸಿದರು.

ಅವಳು ಹೋದಾಗ ಹೊತ್ತು ಮುಳುಗುತ್ತಿತ್ತು. ಆ ಮನೆಯ ಹೊಸ್ತಿಲ ಮೇಲೆ, ಬೆಳಿಗ್ಗೆ ಕಳ್ಳತನದ ಅನುಮಾನ ಹೊತ್ತು ನಿಂತಿದ್ದ ಕೌಶಲ್ಯಾ ಕುಳಿತಿದ್ದಳು. ಮುಂದೆ ಬಟ್ಟೆ ಮುಚ್ಚಿದ ಬುಟ್ಟಿ. ಸಣ್ಣವರಿಬ್ಬರಿಗೂ ಒಂದೇ ತಟ್ಟೆಯಲ್ಲಿ ಹಾಕಿ ಕೊಟ್ಟಳು. ಶಿವಲೀಲಾ ಗೋಡೆಗೆ ಒರಗಿ ನೋಡುತ್ತಿದ್ದಳು.

"ನಾ ಶಾಲ್ಯಾಗ ಉಂಡೀನ್ರಿ ಆಯಿ," ಎಂದಳು.

ಕೌಶಲ್ಯಾ ಇನ್ನೊಂದು ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಇಟ್ಟು ಹುಡುಗಿಯ ಕೈಗೆ ಕೊಟ್ಟಳು. ಅದರ ಭಾರಕ್ಕೆ ಆ ಕೈ ಒಗ್ಗುವವರೆಗೂ ತನ್ನ ಕೈಯನ್ನು ತಟ್ಟೆಯ ಕೆಳಗೇ ಹಿಡಿದಿದ್ದಳು.