ಒಂದು ಹೊತ್ತಿನ ಹರಕೆ

ವಿಮಾನಗಳ ಪ್ರದರ್ಶನದಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ತೊದಲಿಬಿಡುವೆನೋ ಏನೋ ಎಂಬುದೇ ಬೆಳಿಗ್ಗೆಯಿಂದ ಶೀಲಾವತಿಯ ಚಿಂತೆಯಾಗಿತ್ತು. ಹೊರಡುವ ಮೊದಲು ದಿನಚರಿಯಲ್ಲಿ ಅದನ್ನೇ ಬರೆದಳು. ಬರೆದ ಮೇಲೆ ನಾಚಿಕೆಯಾಯಿತು. ಇದಕ್ಕಿಂತ ದೊಡ್ಡ ಭಯವೊಂದು ಮೂರು ತಿಂಗಳಿಂದ ಎದೆಯಲ್ಲಿ ಕೂತಿತ್ತು. ಅದನ್ನು ಒಂದು ಪುಟದಲ್ಲೂ ಬರೆದಿರಲಿಲ್ಲವಲ್ಲ...

ಅಡುಗೆಮನೆಯಲ್ಲಿ ಅವ್ವ ಪೂವಕ್ಕ ಸೊಸೆಗೆ ಹೇಳುತ್ತಿದ್ದಳು. "ಬಸ್ಸಲ್ಲಿ ತಲೆ ತಿರುಗ್ತದೆ ಅಂತ ಗಂಜಿಗೆ ಕೈ ಹಾಕ್ಬೇಡ ಸೇವಂತಿ. ನಿನ್ನ ಒಂದು ಹೊತ್ತಿನ ಊಟ ಮಧ್ಯಾಹ್ನ."

"ಇಲ್ಲ ಅತ್ತೆ" ಎಂದಳು ಸೇವಂತಿ.

ಶೀಲಾವತಿಯ ಅಣ್ಣ, ಸೇವಂತಿಯ ಗಂಡ ಜತ್ತಪ್ಪ ವಾಯುಸೇನೆಯಲ್ಲಿದ್ದ. ಸಾಮಾನು ಸಾಗಿಸುವ ವಿಮಾನದಲ್ಲಿ ವೈರ್‌ಲೆಸ್ ಸಂದೇಶ ಕಳುಹಿಸುವ ಕೆಲಸ. ಕಳೆದ ಸೆಪ್ಟೆಂಬರಿನಲ್ಲಿ, ಯುದ್ಧದ ದಿನಗಳಲ್ಲಿ, ಅವನು ಕಾಣೆಯಾದನೆಂದು ತಂತಿ ಬಂದಿತ್ತು. ಮೂರು ತಿಂಗಳ ಹಿಂದೆ, ಶಿವರಾತ್ರಿ ಕಳೆದು ಒಂದು ವಾರಕ್ಕೆ, ಇನ್ನೊಂದು ಕಾಗದ ಬಂತು. ಮನೆಯಲ್ಲಿ ಇಂಗ್ಲಿಷ್ ತಿಳಿದವಳು ಬಿ.ಎ. ಮುಗಿಸಿದ ಶೀಲಾವತಿ ಒಬ್ಬಳೇ. ಅಪ್ಪ ದೇರಣ್ಣ, ಅವ್ವ, ಅತ್ತಿಗೆ ಮೂವರೂ ಜಗಲಿಯಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ಗುಡ್ಡವೊಂದರಲ್ಲಿ ವಿಮಾನದ ಅವಶೇಷ ಸಿಕ್ಕಿದೆ, ಅದರಲ್ಲಿದ್ದವರು ಯಾರೂ ಉಳಿದಿಲ್ಲ, ಜತ್ತಪ್ಪನ ಗುರುತಿನ ಬಿಲ್ಲೆಯೂ ಸಿಕ್ಕಿದೆ ಎಂದು ಕಾಗದದಲ್ಲಿತ್ತು. ಅವಳು ಕಾಗದ ಮಡಚಿದಳು. "ಹುಡುಕ್ತಾ ಇದ್ದಾರಂತೆ" ಎಂದುಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಆದರೆ ಅಂದು ಸಂಜೆಯೇ ಅವ್ವ ದೈವದ ಮುಂದೆ ದೀಪವಿಟ್ಟು ಹರಕೆ ಹೇಳಿದಳು. ಮಗ ಮನೆಗೆ ಮುಟ್ಟುವವರೆಗೆ ಸೊಸೆ ದಿನಕ್ಕೆ ಒಂದೇ ಹೊತ್ತು ಉಣ್ಣುವಳು! ಹರಕೆ ಹೊತ್ತವಳು ಒಬ್ಬಳು, ಹಸಿಯಬೇಕಾದವಳು ಇನ್ನೊಬ್ಬಳು. ಉಪವಾಸ ನೀನೇ ಮಾಡಬಹುದಿತ್ತಲ್ಲ ಎಂದು ಅಪ್ಪ ಮೆಲ್ಲಗೆ ಕೇಳಿದ್ದಕ್ಕೆ, ಹೆಂಡತಿ ಹಸಿದರೇ ದೈವಕ್ಕೆ ಕೇಳುವುದು ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಮೂರು ತಿಂಗಳಲ್ಲಿ ಅತ್ತಿಗೆಯ ಬಳೆಗಳು ಮೊಣಕೈವರೆಗೆ ಜಾರುವಂತಾದವು. ಕಳೆದ ವಾರ ಬಾವಿಕಟ್ಟೆಯ ಬಳಿ ಕೊಡದ ಸಮೇತ ಬಿದ್ದಳು. ಎತ್ತಿ ಕೂರಿಸಿದಾಗ ನಾದಿನಿಯನ್ನು ನೋಡಿ ನಕ್ಕಿದ್ದಳು. "ನನ್ನ ಹಸಿವು ಅವರಿಗೆ ದಾರಿ ತೋರಿಸ್ತದಾದ್ರೆ ಇರ್ಲಿ ಶೀಲಾ." ಆ ನಗು ನೆನಪಾದಾಗಲೆಲ್ಲ ಶೀಲಾವತಿಗೆ ತುತ್ತು ಇಳಿಯುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ... ದಿನ ಕಳೆದಷ್ಟೂ ಹೇಳದೆ ಉಳಿದ ಆ ಮಾತು ಭಾರವಾಗುತ್ತ ಹೋಯಿತು.

ಪುತ್ತೂರಿನ ದರ್ಬೆ ಎಂಬಲ್ಲಿನ ಮೈದಾನದಲ್ಲಿ ಸೇನೆಯ ಹಳೆಯ ವಿಮಾನಗಳ ಪ್ರದರ್ಶನ ನಡೆಯುತ್ತಿದೆ, ಮುಟ್ಟಿ ನೋಡಬಹುದಂತೆ, ಹತ್ತಿ ಕೂರಲೂ ಬಹುದಂತೆ ಎಂದು ಅಪ್ಪ ಸುಳ್ಯದ ಸಂತೆಯಿಂದ ಸುದ್ದಿ ತಂದಿದ್ದ. ಮಗನ ವಿಚಾರ ಅಲ್ಲಿ ಸಿಕ್ಕೀತೆಂದು ಅವ್ವ ಹಠ ಹಿಡಿದಳು.

ಮೈದಾನದ ಬಿಸಿಲಿನಲ್ಲಿ ಸಾಲು ಉದ್ದವಾಗಿತ್ತು. ಅವರ ಸರದಿ ಬಂದಾಗ ಅವ್ವ ಮೊದಲು ರೆಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಸೊಸೆಯನ್ನು ಏಣಿ ಹತ್ತಿಸಿ ಸೀಟಿನಲ್ಲಿ ಕೂರಿಸಿದಳು. ಸೇವಂತಿ ಮುಂದಿದ್ದ ಗುಂಡಿಗಳನ್ನು ಒಂದೊಂದಾಗಿ ಸವರುತ್ತ ಕೂತುಬಿಟ್ಟಳು.

"ಸಾಕು ಇಳಿಯಿರಿ ಮಾರಾಯ್ರೆ, ಇದು ಮಂಗಳೂರು ಬಸ್ಸಲ್ಲ, ಹೊರಡುದಿಲ್ಲ" ಎಂದ ಹಿಂದೆ ನಿಂತಿದ್ದ ಒಣಮೀನು ವ್ಯಾಪಾರಿ ಪೋಕರ್. ಸಾಲಿನಲ್ಲಿ ನಗೆಯೆದ್ದಿತು. ಅವ್ವನ ಮುಖ ಕಂಡು ಅವನೇ ತಲೆ ತಗ್ಗಿಸಿದ.

ಕಾವಲಿಗಿದ್ದ ನರೆತ ಮೀಸೆಯ ವಾಯುಸೈನಿಕನ ಎದುರು ಅವ್ವ ಮಗಳನ್ನು ತಳ್ಳಿದಳು. "ಕೇಳು. ಜತ್ತಪ್ಪ ಯಾವಾಗ ಬರ್ತಾನೆ, ಎಂತ ಸುದ್ದಿ ಉಂಟು, ಕೇಳು."

ಶೀಲಾವತಿ ತೊದಲುತ್ತ ಹೆಸರು ಹೇಳಿದಳು. ಕಳೆದ ಯುದ್ಧದಲ್ಲಿ ಕಾಣೆಯಾದವನು ಎಂದಳು. ಆತ ಟೋಪಿ ತೆಗೆದ. ತನಗೆ ಆ ಹುಡುಗನ ಪರಿಚಯವಿಲ್ಲ, ಆದರೆ ಇಷ್ಟರಲ್ಲಿ ಮನೆಗೆ ಎರಡನೆಯ ಕಾಗದ ಬಂದಿರಲೇಬೇಕು, ಬರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಎಂತ ಹೇಳಿದ್ರು?" ಎಂದಳು ಅವ್ವ.

ಶೀಲಾವತಿ ನೆಲ ನೋಡಿದಳು. ಆ ಮೌನಕ್ಕೆ ಅವ್ವ ತನ್ನದೇ ಅರ್ಥ ಹಚ್ಚಿದಳು. "ನನಗೆ ಗೊತ್ತಾಯ್ತು. ಹರಕೆ ಸಾಲ್ಲಿಲ್ಲ." ವಿಮಾನದ ಮೈಮೇಲೆ ಅಂಗೈ ಊರಿ ತಲೆಯೆತ್ತಿ ಸೊಸೆಯನ್ನು ನೋಡಿದಳು. "ಇವತ್ತಿಂದ ಆ ಒಂದು ಹೊತ್ತಿನ ಅನ್ನವೂ ಬೇಡ ಸೇವಂತಿ. ಗಂಜಿತಿಳಿ ಕುಡಿದು ಇರು. ಅವ ಬಂದೇ ಬರ್ತಾನೆ."

ಮೇಲೆ ಸೀಟಿನಲ್ಲಿ ಸೇವಂತಿಯ ತುಟಿ ಒಣಗಿ ಬಿಳಿಚಿತ್ತು. "ಆಯ್ತು ಅತ್ತೆ" ಎಂದಳು. ಇಳಿಯಲೆಂದು ಎದ್ದವಳು ತಲೆ ಸುತ್ತಿ ಅಲ್ಲೇ ಕುಸಿದಳು.

ಶೀಲಾವತಿ ಏಣಿ ಹತ್ತಿ ಅತ್ತಿಗೆಯ ತೋಳು ಹಿಡಿದಳು. ಎಲುಬು ಕೈಗೆ ಹತ್ತಿತು. ಇಡೀ ಸಾಲು ಅವಳನ್ನೇ ನೋಡುತ್ತಿತ್ತು. ಹುಟ್ಟಿದಾಗಿನಿಂದ ಅವಳು ಹತ್ತು ಜನರೆದುರು ದನಿಯೆತ್ತಿದ್ದಿಲ್ಲ.

"ಅವ್ವ, ಆ ಕಾಗದದಲ್ಲಿ ಹುಡುಕ್ತಾ ಇದ್ದಾರೆ ಅಂತ ಇರ್ಲಿಲ್ಲ. ಅಣ್ಣ ಸತ್ತಿದ್ದಾನೆ ಅಂತ ಇತ್ತು."