ಬೇವಿನ ಕೆಳಗಿನ ಲಾರಿ

ಇಪ್ಪತ್ತೆರಡು ವರ್ಷದ ಹಿಂದೆ ಮರಿಬಸಪ್ಪ ಸಾಹುಕಾರ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ನೂರು ಜನ ಕೇಳುವಂತೆ ಒಂದು ಮಾತು ಹೇಳಿದ್ದ: "ಉಚ್ಚೀರಪ್ಪ ನಟ್ ಬಿಗಿ ಮಾಡಿಲ್ಲ. ಆಂಜಿ ಸತ್ತಿದ್ದು ಅದಕ್ಕ." ದೇವನಕೊಂಡದ ಹತ್ತಿರ ಸಾಹುಕಾರನ ಲಾರಿಯ ಮುಂದಿನ ಚಕ್ರ ಕಳಚಿ ಡ್ರೈವರ್ ಆಂಜಿ ಸ್ಥಳದಲ್ಲೇ ಸತ್ತಿದ್ದ. ಚಕ್ರದ ಬೋಲ್ಟುಗಳು ಸವೆದಿವೆ, ಹೊಸವು ತರಿಸಿ ಎಂದು ಮೆಕ್ಯಾನಿಕ್ ಉಚ್ಚೀರಪ್ಪ ಮೂರು ಸಲ ಹೇಳಿದ್ದ. ಈ ಸೀಸನ್ ಮುಗಿಯಲಿ ಎಂದು ಮೂರು ಸಲವೂ ಸಾಹುಕಾರನೇ ತಳ್ಳಿಹಾಕಿದ್ದ. ಆದರೆ ಸಾಹುಕಾರನ ಮಾತು ಊರೆಲ್ಲ ಹಬ್ಬಿತು, ಮೆಕ್ಯಾನಿಕ್ಕಿನ ಮಾತು ಗ್ಯಾರೇಜಿನ ಬಾಗಿಲು ದಾಟಲಿಲ್ಲ. ಆಂಜಿ ಉಚ್ಚೀರಪ್ಪನ ಜೀವದ ಗೆಳೆಯ. ಹೆಣಕ್ಕೆ ಹೆಗಲು ಕೊಡಲು ಹೋದರೆ ಆಂಜಿಯ ಅಣ್ಣ ಅವನನ್ನು ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬಿದ. ಅದನ್ನು ಉಚ್ಚೀರಪ್ಪ ಒಂದು ದಿನವೂ ಮರೆಯಲಿಲ್ಲ.

ಅಂದಿನಿಂದ ಅವನು ಒಂದು ಪದ್ಧತಿ ಹಿಡಿದ. ಯಾವ ನಟ್ಟು ಬಿಗಿದರೂ ಅದರ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಪೇಂಟಿನ ಒಂದು ಗೆರೆ ಎಳೆಯುವುದು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ, ಬಿಗಿಯಿತ್ತೋ ಇಲ್ಲವೋ ಎಂಬ ವಾದಕ್ಕೆ ಜಾಗವೇ ಇಲ್ಲ. ಹೆಂಡತಿ ಶಾಂತಕ್ಕನ ಖಾಲಿ ಉಗುರುಬಣ್ಣದ ಶೀಶೆಯಲ್ಲಿ ಪೇಂಟು ತುಂಬಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಹಳೆಯ ಕಳಂಕ ಮಾತ್ರ ಪೂರ್ತಿ ಹೋಗಲಿಲ್ಲ.

ಈ ವರ್ಷ ದೀಪಾವಳಿ ಮುಗಿಯುತ್ತಲೇ ಸಾಹುಕಾರನಿಂದ ಕರೆ ಬಂತು. ಆಂಜಿ ಸತ್ತ ಆ ಲಾರಿ ಅಂದಿನಿಂದ ಅವನ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಹಿಂದೆ ಬೇವಿನ ಮರದ ಕೆಳಗೆ ನಿಂತಿತ್ತು. ಅವನಪ್ಪ ಕೊಂಡಿದ್ದ, ಮೂತಿ ಮುಂದಕ್ಕೆ ಚಾಚಿದ ಹಳೇ ಕಾಲದ ಲಾರಿ. ಅದನ್ನು ತಾನೇ ಓಡಿಸಿಕೊಂಡು ಉರುಕುಂದದ ಈರಣ್ಣನಿಗೆ ಪೂಜೆ ಮಾಡಿಸಿ, ವರ್ಷದ ಮೊದಲ ಹತ್ತಿಯನ್ನು ಅದರಲ್ಲೇ ತರಬೇಕೆಂದು ಸಾಹುಕಾರನಿಗೆ ಹುಚ್ಚು ಹಿಡಿದಿತ್ತು. ಈಗಿನ ಮೆಕ್ಯಾನಿಕ್ಕುಗಳು ಗಾಡಿಗೆ ಕಂಪ್ಯೂಟರ್ ಚುಚ್ಚಿ ರೋಗ ಕೇಳುತ್ತಾರೆ. ಈ ಲಾರಿಗೆ ಚುಚ್ಚಲು ತೂತೇ ಇರಲಿಲ್ಲ.

"ಎಂಜಿನ್ ಅಷ್ಟ ನೋಡು," ಎಂದ ಮರಿಬಸಪ್ಪ, ಹಲ್ಲಿಗೆ ಕಡ್ಡಿ ಹಾಕುತ್ತಾ. "ಸ್ಟೇರಿಂಗು, ಚಕ್ರ, ಬ್ರೇಕು ನಮ್ಮ ಮೆಕ್ಯಾನಿಕ್ ಬಾಲರಾಜ್ ನೋಡ್ತಾನ. ಅಲ್ಲಿ ಕೈ ಹಾಕಬ್ಯಾಡ. ನಿನ್ನ ನಟ್ಟಿನ ಕತಿ ನನಗ ಗೊತ್ತೈತಿ."

ಉಚ್ಚೀರಪ್ಪ ಒಲ್ಲೆ ಎನ್ನಲೆಂದೇ ಹೋಗಿದ್ದ. ಆ ಮಾತು ಕೇಳಿದ ಮೇಲೆ, "ಆಗ್ಲಿ ಸಾಹುಕಾರ್ರ," ಎಂದ.

ಎಂಜಿನ್ನಿನ ಕೆಲಸ ಅವನು ಮನಸ್ಸಿಟ್ಟು ಮಾಡಿದ. ಗಾಳಿ ಫಿಲ್ಟರಿನಲ್ಲಿ ಇಲಿಗಳು ಹತ್ತಿ ತುಂಬಿ ಸಂಸಾರ ಹೂಡಿದ್ದವು, ತೆಗೆದು ಎಸೆದ. ಹಿಡಿದುಕೊಂಡಿದ್ದ ಪಿಸ್ಟನ್ನುಗಳ ಮೇಲೆ ಡೀಸೆಲ್ ಸುರಿದು ಮೂರು ದಿನ ನೆನೆಯಬಿಟ್ಟ. ಟ್ಯಾಂಕಿನ ತುಕ್ಕಿಗೆ ಜಲ್ಲಿಕಲ್ಲು ಹಾಕಿ ಕುಲುಕಿ ತೊಳೆದ. ಒಂಬತ್ತನೆಯ ದಿನ ಹ್ಯಾಂಡಲ್ ಹೊಡೆದಾಗ ಲಾರಿ ಎರಡು ಸಲ ಕೆಮ್ಮಿ, ಬೇವಿನ ಮರವೇ ಮುಚ್ಚುವಷ್ಟು ಹೊಗೆ ಬಿಟ್ಟು ಎದ್ದಿತು. ಕಾರ್ಖಾನೆಯ ಹೆಣ್ಣಾಳುಗಳು ಚಪ್ಪಾಳೆ ತಟ್ಟಿದರು. ಉಚ್ಚೀರಪ್ಪನಿಗೂ ಖುಷಿಯಾಯಿತು, ಕೊಲ್ಲಲು ಹೊರಟವನಿಗೆ ಆಗಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ.

ಉಪಾಯ ಸರಳವಾಗಿತ್ತು, ಅದೇ ಅದರ ಚೆಂದ. ಸ್ಟೇರಿಂಗಿನಿಂದ ಚಕ್ರಕ್ಕೆ ಒಂದು ಉದ್ದನೆಯ ರಾಡು. ಅದರ ತುದಿ ಒಂದು ಕಬ್ಬಿಣದ ತೋಳಿಗೆ ಸೇರುವಲ್ಲಿ ಒಂದು ನಟ್ಟು, ನಟ್ಟು ಬಿಚ್ಚದಂತೆ ಅಡ್ಡಲಾಗಿ ಒಂದು ಪಿನ್ನು. ಪಿನ್ನು ಕಿತ್ತು ನಟ್ಟು ಸಡಿಲಿಸಿದರೆ ಅಂಗಳದಲ್ಲಿ ಹತ್ತು ಸುತ್ತು ಹಾಕಿದರೂ ಏನೂ ಆಗದು. ಉರುಕುಂದದ ದಾರಿಯ ಗುಂಡಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಗುಂಡಿಗಳು ಮುಗಿಯುವಲ್ಲಿ ಕಾಲುವೆಯ ಇಳಿಜಾರು. ಸ್ಟೇರಿಂಗ್ ಬಾಲರಾಜನ ಕೆಲಸ ಎಂದು ಸಾಹುಕಾರನೇ ನಾಲ್ಕು ಜನರ ಮುಂದೆ ಹೇಳಿದ್ದಾನೆ. ಉಚ್ಚೀರಪ್ಪನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರು ಕೊಟ್ಟಾರು? ಬಾಲರಾಜನ ಹೆಸರು ಕೆಡುತ್ತದೆ, ನಿಜ. ಕೆಟ್ಟ ಹೆಸರು ಹೊತ್ತು ಬದುಕಬಹುದೆಂದು ತಾನೇ ತೋರಿಸಿಕೊಟ್ಟಿಲ್ಲವೇ ಎಂದುಕೊಂಡ.

ಬೇರೆ ಯಾರೂ ಸಾಯಬಾರದು ಎಂಬುದನ್ನೂ ಅವನು ನೋಡಿಕೊಂಡ. ಎಡಗಡೆಯ ಸೀಟು ಕೊಳೆತಿದೆ ಎಂದು ಬಿಚ್ಚಿ ಬಡಗಿಗೆ ಕಳಿಸಿದ. ಹಿಂದೆ ಯಾರನ್ನೂ ಹತ್ತಿಸಬೇಡಿ, ಹಲಗೆ ಮುರಿಯುತ್ತವೆ ಎಂದು ಎಚ್ಚರಿಸಿದ. ಅಷ್ಟು ಕಾಳಜಿ ನೋಡಿ ಸಾಹುಕಾರ ತಲೆದೂಗಿದ.

ಶನಿವಾರ ಮಧ್ಯಾಹ್ನ ಬಾಲರಾಜ್ ತನ್ನ ಕೆಲಸ ಮುಗಿಸಿ ಹೋದ. ಆಳುಗಳು ಊಟಕ್ಕೆ ಕೂತಿದ್ದರು. ಉಚ್ಚೀರಪ್ಪ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಜಾರಿದ. ಸ್ಪ್ಯಾನರಿನ ಗುರುತು ಮೂಡದಂತೆ ನಟ್ಟಿಗೆ ಬಟ್ಟೆ ಸುತ್ತಿ ಬಿಚ್ಚಿದ, ಬೆರಳಿನಿಂದ ಮತ್ತೆ ಮೂರೇ ಸುತ್ತು ತಿರುಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಗೇಟಿನ ಕಡೆಯಿಂದ ವಾಚ್‌ಮನ್ ಜಂಬಪ್ಪನ ಕೆಮ್ಮು ಕೇಳಿಸಿತು. ಉಚ್ಚೀರಪ್ಪ ತಲೆ ಹೊರಳಿಸಿ ಚಕ್ರಗಳ ಸಂದಿಯಿಂದ ಅವನ ಕಾಲುಗಳನ್ನೇ ನೋಡುತ್ತಾ ಮಲಗಿದ. ಮಿಕ್ಕ ಕೆಲಸವನ್ನು ಕೈ ತಾನೇ ಮುಗಿಸಿತು. ಜಂಬಪ್ಪ ನೀರು ಕುಡಿದು ಹಿಂದಿರುಗಿದ ಮೇಲೆ ಹೊರಬಂದು ಕೈ ಒರೆಸಿಕೊಂಡ. ಕಿತ್ತ ಪಿನ್ನನ್ನು ತನ್ನ ಗ್ಯಾರೇಜಿನ ಗುಜರಿ ಡಬ್ಬಿಗೆ ಹಾಕಿದ. ಅಲ್ಲಿ ಅಂಥವು ಸಾವಿರ ಇದ್ದವು.

ಸೋಮವಾರ ಬೆಳಿಗ್ಗೆ ಮರಿಬಸಪ್ಪ ಹಣೆಗೆ ವಿಭೂತಿ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿ ಲಾರಿ ಹತ್ತಿದ. "ಎಂಜಿನ್ ಭೇಷ್ ಮಾಡೀಯೋ," ಎಂದ.

"ಆಂಜಿ ಸೀಟಿನಾಗ ಕುಂತೀರಿ ಸಾಹುಕಾರ್ರ. ನಿಧಾನ ಹೋಗ್ರಿ," ಎಂದ ಉಚ್ಚೀರಪ್ಪ.

ಮರಿಬಸಪ್ಪನ ನಗು ಒಂದು ಗಳಿಗೆ ನಿಂತಿತು. ಅದನ್ನು ನೋಡಲೆಂದೇ ಉಚ್ಚೀರಪ್ಪ ಬಂದಿದ್ದ.

ಹನ್ನೊಂದು ಗಂಟೆಗೆ ಸುದ್ದಿ ಬಂತು. ಇಳಿಜಾರಿನಲ್ಲಿ ಲಾರಿ ನೇರ ಹೋಗಿ ಕಾಲುವೆಗೆ ಬಿದ್ದಿತ್ತು. ಮೇಲೆತ್ತುವಷ್ಟರಲ್ಲಿ ಸಾಹುಕಾರನ ಜೀವ ಹೋಗಿತ್ತು. ಉಚ್ಚೀರಪ್ಪ ಸಾಹುಕಾರನ ಮಣ್ಣಿಗೆ ಹೋದ, ಎಲ್ಲರ ನಡುವೆ ನಿಂತ. ಈ ಸಲ ಯಾರೂ ದಬ್ಬಲಿಲ್ಲ. ಬಾಲರಾಜ್ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಜನ ಅವನನ್ನು ನೋಡಿ ಪಿಸುಗುಡುತ್ತಿದ್ದರು. ಆ ಪಿಸುಮಾತಿನ ಗುರುತು ಉಚ್ಚೀರಪ್ಪನಿಗೆ ಚೆನ್ನಾಗಿ ಇತ್ತು. ಒಂದು ಕ್ಷಣ ಅವನಿಗೆ ಕಸಿವಿಸಿಯಾಯಿತು, ಒಂದೇ ಕ್ಷಣ.

ಮೂರು ದಿನದ ಮೇಲೆ ಗಾಡಿ ತಪಾಸಣೆಯ ಇನ್‌ಸ್ಪೆಕ್ಟರ್ ಶ್ರೀರಾಮುಲು ಠಾಣೆಗೆ ಕರೆಸಿದ. ಸ್ಟೇರಿಂಗ್ ರಾಡು ಕಳಚಿತ್ತು, ನಟ್ಟು ರಸ್ತೆಯಲ್ಲಿ ಎಲ್ಲೋ ಬಿದ್ದುಹೋಗಿದೆ, ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದ. ಉಚ್ಚೀರಪ್ಪ ಒಳಗೊಳಗೇ ನಿರಾಳನಾದ.

"ನೀನು ಆ ಕಡೆ ಕೈ ಹಾಕಿದ್ದೇನಪ್ಪಾ?"

"ಇಲ್ಲ ಸಾರ್, ಲಾರಿ ಕೆಳಗ ಸೈತ ಹೋಗಿಲ್ಲ. ಎಂಜಿನ್ ಅಷ್ಟ ನಂದು. ನಾ ಮುಟ್ಟಿದ ನಟ್ಟಿಗೆಲ್ಲಾ ಹಳದಿ ಗೆರಿ ಇರ್ತೈತಿ. ಗೆರಿ ಇದ್ದಲ್ಲಿ ನನ್ನ ಕೈ, ಇಲ್ಲದಲ್ಲಿ ನನ್ನ ಕೈ ಅಲ್ಲ. ಆದೋನಿಯಾಗ ಯಾರನ್ನ ಬೇಕಾದ್ರ ಕೇಳ್ರಿ."

"ಕೇಳಿದೆ. ಎಲ್ಲಾರೂ ಅದೇ ಚೆಪ್ಪಿದರು," ಎಂದ ಶ್ರೀರಾಮುಲು, ತೆಲುಗು ಬೆರೆಸಿ. "ಸರೇ, ಅದನ್ನೇ ಬರೆದು ಸಂತಕಂ ಪೆಟ್ಟು."

ಉಚ್ಚೀರಪ್ಪ ನೆಟ್ಟಗೆ ಕೂತು ಬರೆದ, ಸಹಿ ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸರ್ಕಾರವೇ ಅವನ ಮಾತನ್ನು ಬರೆಸಿಕೊಂಡಿತ್ತು. ಶ್ರೀರಾಮುಲು ಕಾಗದವನ್ನು ಮಡಚಿಟ್ಟು, ಮೇಜಿನ ಕೆಳಗಿನಿಂದ ಗೋಣಿಯಲ್ಲಿ ಸುತ್ತಿದ್ದ ಕಬ್ಬಿಣದ ತೋಳನ್ನು ಎತ್ತಿ ಮುಂದಿಟ್ಟ. ಕಾಲುವೆಯ ನೀರು ಅದರ ಮೇಲಿನ ಧೂಳನ್ನೆಲ್ಲ ಚೊಕ್ಕ ತೊಳೆದಿತ್ತು. ಕಳೆದುಹೋದ ನಟ್ಟು ಕೂತಿದ್ದ ತೂತಿನ ಪಕ್ಕದಲ್ಲಿ, ಇನ್ನೂ ಹೊಸದಾಗಿ ಹೊಳೆಯುತ್ತಾ, ಹಳದಿ ಗೆರೆಯ ಉಳಿದರ್ಧ ಇತ್ತು.